ಕಿವಿಗೊಡದೆ ಕೊಟ್ಟ ತೀರ್ಪು

ಮೂಲನಿವಾಸಿಗಳ ಹಾಗೂ ಟಾರೆಸ್ ಜಲಸಂಧಿಯ ದ್ವೀಪವಾಸಿಗಳ ವಿಷಯದಲ್ಲಿ ಸಂಸತ್ತಿಗೂ ಸರ್ಕಾರಕ್ಕೂ ಸಲಹೆ ನೀಡಬಲ್ಲ, ಆದರೆ ಆಜ್ಞಾಪಿಸಲಾರದ ಒಂದು ಮಂಡಲಿಗೆ ಸಂವಿಧಾನದಲ್ಲಿ ಸ್ಥಾನ ಕೊಡಬೇಕೇ ಎಂಬ ಪ್ರಶ್ನೆಗೆ, 2023ರ ಅಕ್ಟೋಬರ್ 14ರಂದು ಆಸ್ಟ್ರೇಲಿಯದ ಮತದಾರರಲ್ಲಿ ನೂರಕ್ಕೆ ಸುಮಾರು 60 ಮಂದಿ ಬೇಡವೆಂದರು; ಆರು ರಾಜ್ಯಗಳಲ್ಲಿ ಒಂದಾದರೂ ಒಪ್ಪಲಿಲ್ಲ. ವಿರೋಧಪಕ್ಷದ ಮುಖ್ಯ ವಾದ ಸಮಾನತೆಯದು: ಒಂದೇ ನಾಡಿನ ಪ್ರಜೆಗಳಲ್ಲಿ ವಂಶವನ್ನು ನೋಡಿ ಭೇದವೆಣಿಸಲಾಗದು. ಆದರೆ 2007ರಲ್ಲಿ ಸರ್ಕಾರವು ಮಕ್ಕಳ ರಕ್ಷಣೆಯ ಹೆಸರಿನಲ್ಲಿ ಉತ್ತರ ಪ್ರಾಂತ್ಯದ ಮೂಲನಿವಾಸಿ ವಸತಿಗಳಿಗೆ ಸೈನಿಕರನ್ನು ಕಳುಹಿಸಿ, ಅಲ್ಲಿಯ ಜನರ ಸರ್ಕಾರಿ ಭತ್ಯೆಯಲ್ಲಿ ಅರ್ಧವನ್ನು ಇಷ್ಟಬಂದಂತೆ ವೆಚ್ಚಮಾಡಗೊಡದೆ, ಇದಕ್ಕೆ ಅಡ್ಡಿಯಾಗದಿರಲೆಂದು 1975ರ ಜನಾಂಗ ತಾರತಮ್ಯ ನಿಷೇಧ ಶಾಸನವನ್ನೇ ಬದಿಗಿರಿಸಿದಾಗ, ಈ ಸಮಾನತೆ ಎಲ್ಲಿ ಅಡಗಿತ್ತೋ ತಿಳಿಯದು. ವಂಶವನ್ನು ನೋಡಿ ನಿರ್ಬಂಧಿಸಬಹುದಂತೆ, ಕಿವಿಗೊಡಬಾರದಂತೆ!

ಮೂಲನಿವಾಸಿಗಳ ಸಮಾಜದಲ್ಲಿ ವ್ಯವಸ್ಥೆಯೆಂಬುದೇ ಇಲ್ಲ, ಇರುವುದೆಲ್ಲ ಕೊರತೆಯೇ ಎಂಬ ಹಳೆಯ ತಪ್ಪು ಗ್ರಹಿಕೆ ಇದರ ಮೂಲದಲ್ಲಿದೆ. ತಾಯಿಯ ಅಕ್ಕತಂಗಿಯರ ಮಕ್ಕಳನ್ನು ಒಡಹುಟ್ಟಿದವರೆಂದೇ ಎಣಿಸುವ, ಸೋದರಮಾವನ ಮಗಳನ್ನಾದರೋ ವಿವಾಹಯೋಗ್ಯಳೆಂದು ಬಗೆಯುತ್ತ ಬಂದಿರುವ ಕನ್ನಡ ಕುಟುಂಬಗಳಿಗೆ, ಪಶ್ಚಿಮ ಆಸ್ಟ್ರೇಲಿಯದ ಕರಿಯೆರಾ ಜನರ ಬಾಂಧವ್ಯಕ್ರಮ ಅಪರಿಚಿತವೆನಿಸದು. ಈ ಸಾದೃಶ್ಯವನ್ನು ಮಾನವಶಾಸ್ತ್ರಜ್ಞರು ಬಹುಕಾಲದಿಂದ ಚರ್ಚಿಸಿದ್ದಾರೆ. ಮಧ್ಯ ಮರುಭೂಮಿಯ ವಾರ್ಲ್‌ಪಿರಿ ಜನರಲ್ಲಿ ಎಂಟು ವಿಭಾಗಗಳುಂಟು. ಹುಟ್ಟಿದ ಕೂಸಿಗೆ ಯಾರೆಲ್ಲ ತಾಯಂದಿರು, ಮುಂದೆ ಅದು ಯಾರ ಕೈಹಿಡಿಯಬಹುದು, ಯಾರ ಇದಿರು ನಿಲ್ಲದೆ ಸರಿಯಬೇಕು, ಯಾವ ವಿಧಿಯಲ್ಲಿ ಅದರ ಹೊಣೆಯೇನು ಎಂಬುದೆಲ್ಲ ಈ ವಿಭಾಗಕ್ರಮದೊಡನೆ ಹೆಣೆದುಕೊಂಡಿದೆ. ಇಂಥಲ್ಲಿ ಮಗು ಇಂದು ಅಜ್ಜಿಯ ಮನೆಯಲ್ಲಿ, ನಾಳೆ ಚಿಕ್ಕಮ್ಮನ ಮನೆಯಲ್ಲಿ ಮಲಗಿದರೆ ಅದು ಪಾಲನೆಯೇ. ತಂದೆ, ತಾಯಿ, ಒಂದೇ ಸೂರು ಎಂಬ ಅಚ್ಚನ್ನು ಹಿಡಿದು ಬಂದ ಅಧಿಕಾರಿಯ ಕಡತದಲ್ಲಿ ಅದು ಅಲಕ್ಷ್ಯವೆನಿಸಿತು. 1910ರಿಂದ 1970ರವರೆಗೆ ಮೂಲನಿವಾಸಿ ಮಕ್ಕಳಲ್ಲಿ ಹತ್ತಕ್ಕೊಬ್ಬರಿಂದ ಮೂವರಿಗೊಬ್ಬರವರೆಗೆ ಮನೆಯಿಂದ ಕಿತ್ತೊಯ್ಯಲ್ಪಟ್ಟರೆಂದು 1997ರ ವಿಚಾರಣಾ ವರದಿ ಅಂದಾಜು ಮಾಡಿತು. ಹಾಗೆ ಒಯ್ದವರಲ್ಲಿ ಅನೇಕರು ಸದುದ್ದೇಶದವರೇ. ಸದುದ್ದೇಶ ಕೇಳಿಸಿಕೊಳ್ಳುವ ಅಭ್ಯಾಸವನ್ನು ಕಲಿಸುವುದಿಲ್ಲ.

ಕುಡಿತವೂ ಹಿಂಸೆಯೂ ಆ ವಸತಿಗಳಲ್ಲಿ ಇಲ್ಲವೆನ್ನುವುದು ಆತ್ಮವಂಚನೆ. ನಿರಾಕರಣೆಯ ಪಕ್ಷದ ಮುಂದಾಳಾಗಿದ್ದ ಸೆನೆಟರ್ ಜಸಿಂತಾ ನಂಪಿಜಿನ್ಪಾ ಪ್ರೈಸ್ ಸ್ವತಃ ವಾರ್ಲ್‌ಪಿರಿ ತಾಯಿಯ ಮಗಳು. ಹೆಂಗಸರೂ ಮಕ್ಕಳೂ ಅನುಭವಿಸುವ ಹಿಂಸೆಯನ್ನು ಅವರು ಎತ್ತಿ ತೋರಿದುದು ನ್ಯಾಯವೇ. ಆದರೆ ಸಂಕಟವಿದೆ, ಆದುದರಿಂದ ಸಂಕಟಪಡುವವರ ಸಲಹೆಗೆ ಸ್ಥಾನ ಬೇಡ ಎಂಬ ತರ್ಕ ನನಗೆ ಹಿಡಿಸದು. ಉತ್ತರ ಪ್ರಾಂತ್ಯದ ಮೂಲನಿವಾಸಿ ವಸತಿಗಳಾದ ವಾಡೇಯಿಯಲ್ಲಿ, ತಿವಿ ದ್ವೀಪಗಳಲ್ಲಿ ಮತ ಹಾಕಿದವರಿಗೂ ಅದು ಹಿಡಿಸಲಿಲ್ಲ. ಅಲ್ಲಿ ಅತ್ಯಧಿಕ ಬಹುಮತ ಬೇಕೆಂದೇ ಹೇಳಿತು.

ಸಂವಿಧಾನದ ಬಾಗಿಲು ಸದ್ಯಕ್ಕೆ ಮುಚ್ಚಿತು, ಸರಿ. ದಕ್ಷಿಣ ಆಸ್ಟ್ರೇಲಿಯ ರಾಜ್ಯವು ಅದೇ 2023ರಲ್ಲಿ ಸ್ವಂತ ಶಾಸನದಿಂದಲೇ ಇಂಥ ಮಂಡಲಿಗೆ ಅವಕಾಶ ಮಾಡಿತು. ಕ್ಯಾನ್‌ಬೆರಾದ ಸಂಸತ್ತಿಗೂ ಆ ಅಧಿಕಾರವುಂಟು. ಜನಾದೇಶದ ನೆಪದಲ್ಲಿ ಅದನ್ನೂ ಕೈಬಿಡುವವರು, ಕಡೆಯಪಕ್ಷ ಮುಂದಿನ ಬಾರಿ ಆ ವಸತಿಗಳಿಗೆ ಅಧಿಕಾರಿಗಳನ್ನು ಅಟ್ಟುವ ಮುನ್ನ ಯಾರನ್ನು ಕೇಳಿ ಅಟ್ಟುವೆವೆಂದು ಹೇಳಲಿ.