ಕಡೆಯುವ ಕಲ್ಲೂ ಪಿಕಲ್‌ಬಾಲ್ ಪ್ಯಾಡಲೂ



ಈ ಸಲ ಹಬ್ಬದಡುಗೆಯೂ ಅಲ್ಲ, ಪರೀಕ್ಷೆಯ ಬುದ್ಧಿವಾದವೂ ಅಲ್ಲ. ನಿಮ್ಮ ಆಟದ ವಿಷಯ ಬರೆಯುತ್ತಿದ್ದೇನೆ. ‘ಆಂಟಿಗೆ ಪಿಕಲ್‌ಬಾಲ್ ಏನು ಗೊತ್ತು?’ ಎಂದು ಪುಟ ಮಗುಚಬೇಡಿ. ಒಂದೂವರೆ ವರ್ಷದಿಂದ ವಾರಕ್ಕೆ ನಾಲ್ಕು ಸಂಜೆ ನಾನೂ ಆಡುತ್ತಿದ್ದೇನೆ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು!

ಗೋರೆಗಾಂವ್ ಪೂರ್ವದ ನಮ್ಮ ಕಾಲನಿಯಲ್ಲಿ ಒಂದು ಹಳೆಯ ಬ್ಯಾಡ್ಮಿಂಟನ್ ಅಂಕಣವಿದೆ. ಪಿಕಲ್‌ಬಾಲಿಗೂ ಅದೇ ಅಳತೆ, 44 ಅಡಿ ಉದ್ದ, 20 ಅಡಿ ಅಗಲ. ನೆಟ್ಟನ್ನು ನಡುವೆ 34 ಇಂಚಿಗೆ ಇಳಿಸಿದರೆ ಆಯಿತು. ಮಗನೂ ನಾನೂ ಒಂದು ಜೋಡಿ, ನೆರೆಮನೆಯ ಗಂಡ ಹೆಂಡತಿ ಎದುರು ಜೋಡಿ. ಮನೆಯೊಳಗೆ ನನ್ನ ಮಗನ ಮಾತು ನಿಮ್ಮೆಲ್ಲರ ಹಾಗೆಯೇ ಅರ್ಧ ಹಿಂದಿ, ಅರ್ಧ ಇಂಗ್ಲಿಷ್. ಆದರೆ ಅಂಕಣದಲ್ಲಿ ‘ಸೊನ್ನೆ-ಸೊನ್ನೆ-ಎರಡು’ ಎಂದು ಕನ್ನಡದಲ್ಲೇ ಅಂಕ ಕೂಗಬೇಕೆಂದು ನಾನು ಹಟ ಹಿಡಿದೆ. ಅಲ್ಲಿ ಶುರುವಾದ ಕನ್ನಡ, ಆಟ ಮುಗಿದು ಲಿಫ್ಟ್ ಹತ್ತುವವರೆಗೂ ನಡೆಯುತ್ತದೆ. ಆಫೀಸಿನ ಬೇಸರ, ಅಜ್ಜಿಯ ನೆನಪು, ಎಲ್ಲವೂ ಆ ಹೊತ್ತಿನಲ್ಲೇ ಹೊರಗೆ ಬರುವುದು.

ಮೊದಲ ಸಂಬಳದಲ್ಲಿ ಅವನು 14,000 ರೂಪಾಯಿ ಕೊಟ್ಟು ಒಂದು ಪ್ಯಾಡಲ್ ತಂದ. ಮುಟ್ಟಿದರೆ ತರಿತರಿ. ನಾಲ್ಕೇ ತಿಂಗಳಲ್ಲಿ ಅದರ ನಡುಭಾಗ ಸ್ಟೀಲ್ ತಟ್ಟೆಯಂತೆ ನುಣುಪಾಯಿತು. ಅಂಗಡಿಯವನು ‘ಸವೆತಕ್ಕೆ ವಾರಂಟಿ ಇಲ್ಲ’ ಎಂದ. ಹೊಸದಕ್ಕೆ ಹಣವಿಲ್ಲ, ಹಳೆಯದರಲ್ಲಿ ಆಡಲು ಮನಸ್ಸಿಲ್ಲ. ಹುಡುಗ ಎರಡು ವಾರ ಕೆಳಗೇ ಇಳಿಯಲಿಲ್ಲ. ನನಗೆ ನಷ್ಟವಾದದ್ದು ಪ್ಯಾಡಲ್ ಅಲ್ಲ ಎಂಬುದು ನಿಮಗೆ ಅರ್ಥವಾದೀತು. ಆಮೇಲೆಯೇ ಈ ತರಿಯ ವಿಷಯವನ್ನು ನಾನು ಕೂತು ತಿಳಿದುಕೊಂಡದ್ದು.

ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವಳು ನಾನು. ‘ಗ್ರಿಟ್’ ಎಂದರೆ ಛಲ ಎಂದುಕೊಂಡಿದ್ದೆ. ಪ್ಯಾಡಲಿನವರ ಗ್ರಿಟ್ ಎಂದರೆ ಅಕ್ಷರಶಃ ತರಿ. ಈ ತರಿ ಚೆಂಡನ್ನು ಕ್ಷಣಕಾಲ ಕಚ್ಚಿ ಹಿಡಿದು ತಿರುಗಿಸುತ್ತದೆ. ಹಾಗೆ ಮುಂದಕ್ಕೆ ತಿರುಗುವ ಚೆಂಡು, ಎಷ್ಟೇ ಬಲವಾಗಿ ಹೊಡೆದರೂ ಗೆರೆಯೊಳಗೆ ಬಾಗಿ ಬೀಳುತ್ತದೆ. ತರಿ ಸವೆದರೆ ಜಾರಿ ಹೊರಗೆ ಹೋಗುತ್ತದೆ. ಈ ತರಿಗೂ ಮಿತಿ ಇದೆ. ಅಮೆರಿಕದ ಪಿಕಲ್‌ಬಾಲ್ ಸಂಸ್ಥೆಯ ನಿಯಮದಂತೆ ಸರಾಸರಿ ಒರಟುತನ 30 ಮೈಕ್ರಾನ್ ಮೀರಬಾರದು. ನಮ್ಮ ತಲೆಗೂದಲಿನ ದಪ್ಪದ ಅರ್ಧವೂ ಇಲ್ಲ! ಅಷ್ಟು ತೆಳ್ಳಗಿನದು ಸವೆಯದೆ ಇರುತ್ತದೆಯೇ?

ನಾನು ಮದುವೆಯಾಗಿ ಗೋರೆಗಾಂವ್‌ಗೆ ಬಂದಾಗ ಅತ್ತೆಯವರ ಮನೆಯಲ್ಲಿ ಊರಿನಿಂದ ತಂದ ಕಡೆಯುವ ಕಲ್ಲಿತ್ತು. ಕಲ್ಲು ನುಣುಪಾದರೆ ಅಕ್ಕಿ ಜಾರುತ್ತದೆ, ಹಿಟ್ಟು ಆಗುವುದಿಲ್ಲ. ಆಗ ಬೀದಿಯಲ್ಲಿ ಕೂಗುತ್ತಾ ಬರುವವನನ್ನು ಕರೆದು ಉಳಿಯಿಂದ ಕಚ್ಚು ಹೊಡೆಸುತ್ತಿದ್ದರು. ಮರಾಠಿಯಲ್ಲಿ ಅದಕ್ಕೆ ‘ಟಾಕೀ’ ಹಾಕುವುದು ಎನ್ನುತ್ತಾರೆ. ಕಲ್ಲಿಗೆ ಒಳಗೂ ಹೊರಗೂ ಒಂದೇ ಗುಣ. ಪ್ಯಾಡಲಿಗೆ ಹಾಗಲ್ಲ, ತರಿ ಇರುವುದು ಚರ್ಮದಷ್ಟು ತೆಳ್ಳಗೆ. ಮರಳು ಕಾಗದದಿಂದ ಉಜ್ಜಿ ‘ಟಾಕೀ’ ಹಾಕಲು ಹೋಗಬೇಡಿ. ಒಳಗಿನ ಎಳೆ ಹಾಳಾಗುತ್ತದೆ, ಪಂದ್ಯದಲ್ಲಿ ಅಂಥ ಪ್ಯಾಡಲ್ ನಡೆಯುವುದೂ ಇಲ್ಲ.

ಹಾಗಾದರೆ ಕೊಳ್ಳುವಾಗ ಕೇಳಬೇಕಾದ್ದು, ಈ ತರಿ ಎಲ್ಲಿಂದ ಬಂತು? ಬಣ್ಣದೊಂದಿಗೆ ಕಣಗಳನ್ನು ಸಿಂಪಡಿಸಿ ಅಂಟಿಸಿದ್ದಾದರೆ ಅಂಗಡಿಯಲ್ಲಿ ಬಲು ಒರಟಾಗಿರುತ್ತದೆ, ಬೇಗ ಉದುರುತ್ತದೆ. ಮಗನದು ಇದೇ. ‘ರಾ ಕಾರ್ಬನ್’ ಎಂಬುದು ಬೇರೆ. ನೀವು ಅಮ್ಮ ಬಟ್ಟೆಯ ಮೇಲೆ ಹಾಕಿದ ಸಂಡಿಗೆ ನೋಡಿದ್ದೀರಲ್ಲ? ಒಣಗಿ ಎತ್ತಿದಾಗ ಬೆನ್ನಿಗೆ ನೇಯ್ಗೆಯ ಗುರುತು ಇರುತ್ತದೆ. ಹಾಗೆಯೇ ರಾಳದಲ್ಲಿ ನೆನೆದ ಕಾರ್ಬನ್ ಹಾಳೆಯ ಮೇಲೆ ಒಂದು ಬಟ್ಟೆ ಒತ್ತಿ, ಬಿಸಿಯಲ್ಲಿ ಗಟ್ಟಿಯಾದ ಮೇಲೆ ಸುಲಿಯುತ್ತಾರೆ. ನೇಯ್ಗೆಯ ಗುರುತು ರಾಳದಲ್ಲೇ ಉಳಿಯುತ್ತದೆ. ಇದೂ ಸವೆಯುತ್ತದೆ, ಆದರೆ ನಿಧಾನ. ಈಚೆಗೆ ಗಟ್ಟಿ ಕಣಗಳನ್ನು ಮೇಲ್ಪದರದೊಳಗೇ ಕೂರಿಸಿ ‘ಬಹುಕಾಲ ಬಾಳುವ’ ತರಿ ಎಂದು ಮಾರುತ್ತಾರೆ, ಬೆಲೆಯೂ ಹಾಗೆಯೇ. ಅಂಥದ್ದಕ್ಕೆ ‘ತರಿಗೂ ವಾರಂಟಿ ಇದೆಯೇ? ಎಷ್ಟು ತಿಂಗಳು?’ ಎಂದು ಬರಹದಲ್ಲಿ ಕೇಳಿ. ಬಾಯಿಮಾತು ಬೇಡ.

ಸಾಧ್ಯವಾದರೆ ಆರು ತಿಂಗಳು ಆಡಿದವರ ಪ್ಯಾಡಲನ್ನೇ ಇಸಿದುಕೊಂಡು ಬೆಳಕಿಗೆ ಓರೆಯಾಗಿ ಹಿಡಿಯಿರಿ. ನಡುಭಾಗ ಮಿರುಗಿ ಅಂಚು ಮಂಕಾಗಿದ್ದರೆ ಸವೆದಿದೆ ಎಂದೇ ಲೆಕ್ಕ. ಅಂಗಡಿಯ ಹೊಸ ಪ್ಯಾಡಲ್ ಮುಟ್ಟಿ ಇದು ತಿಳಿಯುವುದಿಲ್ಲ ಮಾರಾಯ್ರೆ, ಹೊಸತರಲ್ಲಿ ಎಲ್ಲವೂ ಒರಟೇ.

ಇನ್ನೊಂದು ಮಾತು. ಎಷ್ಟೋ ಸಲ ತರಿ ಸವೆದಿರುವುದೇ ಇಲ್ಲ, ಚೆಂಡಿನ ಪ್ಲಾಸ್ಟಿಕ್ ಅದರೊಳಗೆ ತುಂಬಿಕೊಂಡಿರುತ್ತದೆ. ಇದಕ್ಕೆಂದೇ ರಬ್ಬರಿನ ತುಂಡು ಸಿಗುತ್ತದೆ, ಉಜ್ಜಿ ಒದ್ದೆ ಬಟ್ಟೆಯಿಂದ ಒರೆಸಿ. ಸಿಮೆಂಟ್ ಅಂಕಣವಾದರೆ ಆಟಕ್ಕೆ ಮೊದಲು ಗುಡಿಸಿ. ಚೆಂಡಿಗಂಟಿದ ಧೂಳೂ ಉಜ್ಜುತ್ತದೆ.

1965ರಲ್ಲಿ ಅಮೆರಿಕದ ಬೈನ್‌ಬ್ರಿಜ್ ದ್ವೀಪದಲ್ಲಿ ಈ ಆಟ ಹುಟ್ಟಿದಾಗ ಟೇಬಲ್ ಟೆನಿಸ್ ಬ್ಯಾಟು, ಆಮೇಲೆ ಪ್ಲೈವುಡ್ಡಿನ ಹಲಗೆ, ಅಷ್ಟೇ. ನಮ್ಮಲ್ಲಿಗೆ ಇದನ್ನು ತಂದ ಸುನಿಲ್ ವಲಾವಲಕರ್ ಮುಂಬಯಿಯವರು, 2008ರಲ್ಲಿ ಅಖಿಲ ಭಾರತ ಪಿಕಲ್‌ಬಾಲ್ ಸಂಘ ಕಟ್ಟಿದವರು. ಆ ಕಾಲದಲ್ಲಿ ತರಿಯ ಚಿಂತೆ ಯಾರಿಗಿತ್ತು? ಆದ್ದರಿಂದ ನೀವು ಈಗಷ್ಟೇ ಕಲಿಯುತ್ತಿದ್ದರೆ ಮೊದಲ ಸಂಬಳ ಸುರಿಯಬೇಡಿ. ಚೆಂಡು ತಿರುಗಿಸಲು ಮಣಿಕಟ್ಟು ಕಲಿಯುವ ಮೊದಲೇ ದುಬಾರಿ ತರಿ ಮುಗಿದಿರುತ್ತದೆ.

ಮಗ ಈಗ 4,500 ರೂಪಾಯಿಯ ರಾ ಕಾರ್ಬನ್ ಪ್ಯಾಡಲ್ ಕೊಂಡಿದ್ದಾನೆ. ಕೊಂಡ ದಿನಾಂಕವನ್ನು ಹಿಡಿಕೆಯ ಮೇಲೆ ಬರೆದಿಟ್ಟಿದ್ದಾನೆ. ನುಣುಪಾದ ಆ 14,000ದ ಪ್ಯಾಡಲ್ ನನ್ನ ಪಾಲಿಗೆ ಬಂತು. ನೆಟ್ಟಿನ ಹತ್ತಿರದ ಏಳಡಿ ಜಾಗಕ್ಕೆ ‘ಕಿಚನ್’ ಎನ್ನುತ್ತಾರೆ, ನನ್ನ ಆಟವೆಲ್ಲ ಅದರ ಗೆರೆಯ ಬಳಿ, ಮೆಲ್ಲಗೆ ತಳ್ಳುವುದಷ್ಟೇ. ಅದಕ್ಕೆ ತರಿ ಬೇಡ. ನಿನ್ನೆ 11-8ರಲ್ಲಿ ಗೆದ್ದೆವು. ‘ಹನ್ನೊಂದು’ ಎಂದು ಅವನು ಕೂಗಿದ್ದು ನಾಲ್ಕನೇ ಮಹಡಿಯ ತನಕ ಕೇಳಿಸಿತಂತೆ.