ಅಪ್ಪ ಅಮ್ಮನನ್ನು ಕೇಳಿ ಓದಲಾಗದ ಪುಸ್ತಕಗಳು

2023–24ರ ಒಂದೇ ಶಾಲಾ ವರ್ಷದಲ್ಲಿ ಅಮೆರಿಕದ ಸರ್ಕಾರಿ ಶಾಲೆಗಳಿಂದ ಪುಸ್ತಕ ತೆಗೆಸಿದ 10,046 ಪ್ರಕರಣಗಳನ್ನು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕಾಗಿ ದುಡಿಯುವ ಪೆನ್ ಅಮೆರಿಕ ಸಂಸ್ಥೆ ದಾಖಲಿಸಿದೆ. ಅತಿ ಹೆಚ್ಚು ಏಟು ತಿಂದವು ಹದಿಹರೆಯದವರ ಬದುಕಿನ ಕಾದಂಬರಿಗಳು. ಶಾಲೆಯಲ್ಲಿ ಗುಂಡು ಹಾರಿಸಿದ ಹುಡುಗನ ಕಥೆ ಹೇಳುವ ಜೋಡಿ ಪಿಕೋ ಅವರ ‘ನೈಂಟೀನ್ ಮಿನಿಟ್ಸ್’ ಪಟ್ಟಿಯ ತುದಿಯಲ್ಲಿದೆ. ಅದರ ಬೆನ್ನಿಗೇ ಇರುವುದು ಜಾನ್ ಗ್ರೀನ್ ಅವರ ‘ಲುಕಿಂಗ್ ಫಾರ್ ಅಲಾಸ್ಕ’.

ನನ್ನ ಮಗು ಏನು ಓದಬೇಕೆಂದು ನಿರ್ಧರಿಸುವ ಹಕ್ಕು ನನ್ನದು ಎಂಬುದು ಈ ಪುಸ್ತಕಗಳನ್ನು ತೆಗೆಸುವವರ ಮುಖ್ಯ ವಾದ. ಹದಿಮೂರರ ಮಗಳ ಕೈಗೆ ಎಂಥ ಪುಸ್ತಕ ಸಿಗುತ್ತದೋ ಎಂದು ತಾಯಿಗೆ ಆತಂಕವಾಗುವುದು ಸಹಜ. ಆ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ತನ್ನ ಮಗುವಿಗೆ ಬೇಡ ಎನ್ನಲು ಆ ತಾಯಿಗೆ ದಾರಿ ಇರಲಿ. ಆದರೆ ಪೋಷಕರ ಹಕ್ಕಿನ ಈ ವಾದ ಎಲ್ಲ ಮನೆಗಳೂ ಮಕ್ಕಳಿಗೆ ಸುರಕ್ಷಿತ ಎಂದು ಮೊದಲೇ ನಂಬಿಕೊಂಡುಬಿಟ್ಟಿದೆ. ಈ ಕಾದಂಬರಿಗಳು ಹುಟ್ಟಿರುವುದೇ ಹಾಗಲ್ಲದ ಮನೆಗಳಿಂದ. ಅಪ್ಪನಿಂದ ಏಟು ತಿನ್ನುವ ಹುಡುಗ, ಅಂಥದೇ ಹುಡುಗನ ಕಥೆ ಓದಲು ಅನುಮತಿ ಚೀಟಿ ಹಿಡಿದು ಯಾರ ಮುಂದೆ ನಿಲ್ಲಬೇಕು? ಅದೇ ಅಪ್ಪನ ಮುಂದೆ. ಯಾವ ಓದುಗನಿಗೆ ಪುಸ್ತಕ ಎಲ್ಲರಿಗಿಂತ ಹೆಚ್ಚು ಬೇಕೋ ಅವನಿಗೇ ಈ ವ್ಯವಸ್ಥೆ ಬಾಗಿಲು ಹಾಕುತ್ತದೆ.

‘ಅಲಾಸ್ಕ’ವನ್ನೇ ನೋಡಿ. 2005ರಲ್ಲಿ ಬಂದ ಈ ಕಾದಂಬರಿಗೆ ಮರುವರ್ಷ ಅಮೆರಿಕದ ಗ್ರಂಥಪಾಲಕರ ಸಂಘಟನೆ ಪ್ರಿಂಟ್ಜ್ ಪ್ರಶಸ್ತಿ ಕೊಟ್ಟಿತು. ಅಲಬಾಮದ ಒಂದು ವಸತಿ ಶಾಲೆ. ಫ್ಲಾರಿಡಾದಿಂದ ಬಂದು ಸೇರುವ ಮೈಲ್ಸ್, ಟ್ರೇಲರ್ ಮನೆಯಲ್ಲಿ ಬದುಕುವ ತಾಯಿಯ ಮಗ ಚಿಪ್, ಇವರಿಬ್ಬರನ್ನೂ ಸೆಳೆದಿಟ್ಟುಕೊಂಡ ಅಲಾಸ್ಕ ಎಂಬ ಹುಡುಗಿ. ಒಂದು ರಾತ್ರಿ ಗೆಳೆಯರು ಬದುಕಿನ ಒಳ್ಳೆಯ ದಿನ, ಕೆಟ್ಟ ದಿನಗಳನ್ನು ಹೇಳಿಕೊಳ್ಳುವ ಆಟ ಆಡುತ್ತಾರೆ. ತಾನು ಎಂಟು ವರ್ಷದವಳಿದ್ದಾಗ ಅಮ್ಮ ಕಣ್ಣೆದುರೇ ಕುಸಿದುಬಿದ್ದದ್ದನ್ನು ಅಲಾಸ್ಕ ಆಗ ಬಾಯಿ ಬಿಡುತ್ತಾಳೆ. ಏನು ಮಾಡಬೇಕೆಂದು ತೋಚದೆ ಮಗು ಪಕ್ಕದಲ್ಲೇ ಕೂತಿತ್ತು. ಮನೆಗೆ ಬಂದ ಅಪ್ಪ ಅವಳ ಮೇಲೆ ಕೂಗಾಡಿದ್ದು 911ಕ್ಕೆ ಯಾಕೆ ಫೋನ್ ಮಾಡಲಿಲ್ಲ ಎಂದು. ಅಷ್ಟು ದಿನ ಅವಳ ಹುಚ್ಚಾಟ, ಕುಡಿತ, ಗಳಿಗೆಗೊಂದು ಬದಲಾಗುವ ಮನಸ್ಸು ನೋಡಿ ತಲೆಕೆಡಿಸಿಕೊಂಡಿದ್ದ ಗೆಳೆಯರಿಗೆ ಅವಳು ಹೊತ್ತ ಭಾರ ಏನೆಂದು ಗೊತ್ತಾಗುವುದು ಆಗ. ಆಮೇಲೂ ಅವಳನ್ನು ಉಳಿಸಿಕೊಳ್ಳಲು ಅವರಿಂದ ಆಗುವುದಿಲ್ಲ. ಪುಸ್ತಕದ ಉತ್ತರಾರ್ಧವೆಲ್ಲ ಆ ಸೋಲಿನ ಜೊತೆ ಬದುಕಲು ಅವರು ಕಲಿಯುವ ಕಥೆ.

ಆಕ್ಷೇಪಣೆಯಲ್ಲಿ ಇದ್ಯಾವುದರ ಸುಳಿವೂ ಇಲ್ಲ. ಅಲ್ಲಿರುವುದು ಒಂದೇ ಲೈಂಗಿಕ ಸನ್ನಿವೇಶ. ಇಬ್ಬರಿಗೂ ಏನೂ ಅನಿಸದ, ಮುಜುಗರವಷ್ಟೇ ತುಂಬಿದ ಸನ್ನಿವೇಶ ಅದು. ಬರೀ ದೇಹದ ಸಾಮೀಪ್ಯ ಎಷ್ಟು ಟೊಳ್ಳು ಎಂದು ತೋರಿಸಲೆಂದೇ ಹಾಗೆ ಬರೆದೆ ಎಂದು ಗ್ರೀನ್ ಹಲವು ಸಲ ವಿವರಿಸಿದ್ದಾರೆ. ಶಾಲಾ ಮಂಡಳಿಯ ಸಭೆಯಲ್ಲಿ ಮಾತಾಡಲು ಸಿಗುವ ಎರಡು ಮೂರು ನಿಮಿಷದಲ್ಲಿ ಆ ಒಂದು ಪುಟವನ್ನು ಕಿತ್ತು ಓದಿದರೆ ಯಾವ ಸಭೆಯಾದರೂ ಮುಖ ಕಿವುಚುತ್ತದೆ. ಆ ಪುಟ ಯಾಕಿದೆ ಎಂದು ಕೇಳುವ ಪುರುಸೊತ್ತು ಯಾರಿಗೂ ಇರುವುದಿಲ್ಲ.

ಸ್ಟೀಫನ್ ಚ್‌ಬಾಸ್ಕಿಯವರ ‘ದ ಪರ್ಕ್ಸ್ ಆಫ್ ಬೀಯಿಂಗ್ ಎ ವಾಲ್‌ಫ್ಲವರ್’ (1999) ವಿಷಯದಲ್ಲಿ ಹೀಗೆ ಪುಟ ಕಿತ್ತು ನೋಡುವುದು ಇನ್ನೂ ಕ್ರೂರ. ಹದಿನೈದರ ಚಾರ್ಲಿಗೆ ಜಗತ್ತಿನಲ್ಲೇ ಅಚ್ಚುಮೆಚ್ಚಿನವಳು ಹೆಲೆನ್ ಚಿಕ್ಕಮ್ಮ. ಅವನ ಹುಟ್ಟುಹಬ್ಬಕ್ಕೆ ಉಡುಗೊರೆ ತರಲು ಹೋಗಿ ಅಪಘಾತದಲ್ಲಿ ಸತ್ತವಳು. ತನ್ನಿಂದಲೇ ಸತ್ತಳೆಂದು ಹುಡುಗ ಕೊರಗುತ್ತಾನೆ. ಮಗುವಾಗಿದ್ದ ತನ್ನ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದವಳೂ ಅವಳೇ ಎಂದು ಅವನಿಗೆ ನೆನಪಾಗುವುದು ಕಾದಂಬರಿ ಮುಗಿಯುವ ಹೊತ್ತಿಗೆ. ಪ್ರೀತಿಸುವವರೇ ಹಾಳುಮಾಡಿರಬಹುದು, ಅದರಲ್ಲಿ ಮಗುವಿನ ತಪ್ಪಿಲ್ಲ, ಹೇಳಿಕೊಂಡರೆ ಗುಣವಾಗುವ ದಾರಿಯುಂಟು: ಇಷ್ಟನ್ನು ಒಂದು ಮಗುವಿಗೆ ಉಪದೇಶದ ಕರಪತ್ರ ಹೇಳಿಕೊಡಲಾರದು. ಕಾದಂಬರಿಯುದ್ದಕ್ಕೂ ಚಾರ್ಲಿ ಬರೆಯುವ ಪತ್ರಗಳು ಹೇಳಿಕೊಡುತ್ತವೆ. ಅಂಥ ಪುಸ್ತಕವನ್ನು ಅಶ್ಲೀಲ ಎಂದು ಎತ್ತಿಡುವಾಗ, ಚಾರ್ಲಿಯ ಸ್ಥಿತಿಯಲ್ಲೇ ಇರುವ ವಿದ್ಯಾರ್ಥಿಗೆ ಶಾಲೆ ಹೇಳುತ್ತಿರುವುದೇನು? ನಿನಗಾದದ್ದು ಬಾಯಲ್ಲಿ ಹೇಳಬಾರದ ವಿಷಯ ಎಂದಲ್ಲವೇ?

ಕಾನೂನುಗಳೂ ಇದೇ ಜಾಡಿನಲ್ಲಿವೆ. ಫ್ಲಾರಿಡಾದ 2023ರ ಕಾಯ್ದೆಯ ಪ್ರಕಾರ, ಲೈಂಗಿಕ ವರ್ತನೆಯ ವರ್ಣನೆ ಇದೆ ಎಂದು ಒಬ್ಬ ಪೋಷಕ ಅಥವಾ ಆ ಕೌಂಟಿಯ ಒಬ್ಬ ನಿವಾಸಿ ಬರೆದುಕೊಟ್ಟರೂ ಐದು ಶಾಲಾ ದಿನಗಳೊಳಗೆ ಪುಸ್ತಕವನ್ನು ತೆಗೆಯಬೇಕಿತ್ತು, ವಿಚಾರಣೆ ಆಮೇಲೆ. ಅಂದರೆ ಶಾಲೆಯಲ್ಲಿ ಮಗುವೇ ಇಲ್ಲದವರು ಸಹ ಎಲ್ಲರ ಮಕ್ಕಳ ಓದನ್ನು ತಡೆಯಬಹುದಿತ್ತು. ಯೂಟಾದಲ್ಲಿ 41 ಶಾಲಾ ಜಿಲ್ಲೆಗಳ ಪೈಕಿ ಮೂರು ಬೇಡವೆಂದರೆ ಸಾಕು, ಇಡೀ ರಾಜ್ಯದ ಸರ್ಕಾರಿ ಶಾಲೆಗಳಿಂದ ಪುಸ್ತಕ ಹೋಗುತ್ತದೆ. 2024ರ ಆಗಸ್ಟ್‌ನಲ್ಲಿ ಹೊರಬಿದ್ದ ಮೊದಲ ಪಟ್ಟಿಯ 13 ಪುಸ್ತಕಗಳಲ್ಲಿ ಜೂಡಿ ಬ್ಲೂಮ್ 1975ರಲ್ಲಿ ಬರೆದ ‘ಫಾರೆವರ್’ ಕೂಡ ಇತ್ತು. ಉಳಿದ 38 ಜಿಲ್ಲೆಗಳ ಅಪ್ಪ ಅಮ್ಮಂದಿರ ಹಕ್ಕು ಎಲ್ಲಿ ಹೋಯಿತು? ಪೋಷಕರ ಹಕ್ಕಿನ ಹೆಸರಲ್ಲಿ ನಡೆಯುತ್ತಿರುವುದು ಕೆಲವೇ ಪೋಷಕರ ಅಧಿಕಾರ. ಪ್ರಕಾಶಕರ ಜೊತೆ ಗ್ರೀನ್, ಪಿಕೋ, ಲಾರಿ ಹಾಲ್ಸ್ ಆ್ಯಂಡರ್ಸನ್ ಮುಂತಾದ ಲೇಖಕರೂ ಫ್ಲಾರಿಡಾದ ಕಾಯ್ದೆಯನ್ನು ಪ್ರಶ್ನಿಸಿ ಕೋರ್ಟಿಗೆ ಹೋದರು. ವರ್ಣನೆ ಇದ್ದ ಮಾತ್ರಕ್ಕೇ ತೆಗೆಯಬೇಕೆಂಬ ಭಾಗ ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದು ಫೆಡರಲ್ ನ್ಯಾಯಾಧೀಶರು 2025ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟರು. ಕೃತಿಯನ್ನು ಇಡಿಯಾಗಿ ನೋಡಬೇಕು ಎಂಬ ಹಳೆಯ ನ್ಯಾಯವನ್ನೇ ಅದು ಎತ್ತಿಹಿಡಿದಿದೆ.

ಹಾಗೆಂದು ಹದಿಹರೆಯದವರಿಗಾಗಿ ಬರೆದದ್ದೆಲ್ಲ ಒಳ್ಳೆಯದೆಂದು ನಾನು ವಾದಿಸುವುದಿಲ್ಲ. ಆತ್ಮಹತ್ಯೆ ಮಾಡಿಕೊಂಡ ಹುಡುಗಿಯೊಬ್ಬಳು ಬಿಟ್ಟುಹೋದ ಕ್ಯಾಸೆಟ್‌ಗಳ ಕಥೆ ‘ಥರ್ಟೀನ್ ರೀಸನ್ಸ್ ವೈ’ ನನಗೆ ಇಂದಿಗೂ ಕಸಿವಿಸಿ ತರುತ್ತದೆ; ಸಾವನ್ನು ಅದು ಸೇಡಿನಂತೆ ತೋರಿಸುತ್ತದೆ. ಅದರ ಧಾರಾವಾಹಿಯಲ್ಲಿದ್ದ ಆತ್ಮಹತ್ಯೆಯ ದೃಶ್ಯವನ್ನು ತಜ್ಞರ ಸಲಹೆಯ ಮೇಲೆ ನೆಟ್‌ಫ್ಲಿಕ್ಸ್ 2019ರಲ್ಲಿ ಕತ್ತರಿಸಿದ್ದು ಸರಿಯಾಗಿಯೇ ಇತ್ತು. ಆದರೆ ಪುಸ್ತಕದ ದೋಷವನ್ನು ಮಕ್ಕಳ ಜೊತೆ ಕೂತು ಚರ್ಚಿಸಬೇಕು. ಲೈಬ್ರರಿಯಿಂದ ತೆಗೆದರೆ ಮಕ್ಕಳು ಅದನ್ನು ಫೋನಿನಲ್ಲಿ ಒಬ್ಬರೇ ನೋಡುತ್ತಾರೆ, ಚರ್ಚೆಗೆ ದೊಡ್ಡವರು ಇರುವುದಿಲ್ಲ.

ಟೆಕ್ಸಾಸ್, ಫ್ಲಾರಿಡಾಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳೂ ಇದೇ ಶಾಲೆಗಳಿಗೆ ಹೋಗುತ್ತಾರೆ. ಮನೆಯ ಮಾತು ಹೊಸಿಲು ದಾಟಬಾರದು ಎಂದು ಬೆಳೆದವರು ನಾವು; ‘ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ’ ಎಂಬ ಮಾತು ನಾಲಿಗೆ ತುದಿಯಲ್ಲೇ ಇರುತ್ತದೆ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳಿತ್ತು: ಮಾತಾಡಿಸಿದ ಮಕ್ಕಳಲ್ಲಿ ಶೇ. 53ರಷ್ಟು ಮಂದಿ ಯಾವುದಾದರೂ ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದರು, ಕಿರುಕುಳ ಕೊಟ್ಟವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು ಇಲ್ಲವೇ ಮಗು ನಂಬಿದವರು. ಈ ಲೆಕ್ಕ ತಿಳಿದ ಯಾವ ಕನ್ನಡ ಪೋಷಕರೂ ಪುಸ್ತಕ ತೆಗೆಸುವ ಅರ್ಜಿಗೆ ಕಣ್ಣುಮುಚ್ಚಿ ಸಹಿ ಹಾಕಬಾರದು. ನಿಮ್ಮ ಶಾಲಾ ಮಂಡಳಿಯ ಸಭೆಗೆ ಹೋಗಿ. ಆಕ್ಷೇಪಿಸುವವರು ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿರಬೇಕೆಂಬ ನಿಯಮಕ್ಕೆ ಒತ್ತಾಯಿಸಿ. ನಿರ್ಧಾರವಾಗುವವರೆಗೂ ಅದು ಕಪಾಟಿನಲ್ಲೇ ಇರಬೇಕೆಂದು ಕೇಳಿ.