ಮರದರಿಶಿನದ ಹಣ್ಣು ತಿನ್ನೋಣ, ಬೇರು ಉಳಿಸೋಣ

ಕೆಲವು ತಿಂಗಳ ಹಿಂದೆ ನಿವೃತ್ತ ಶಿಕ್ಷಕರೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಊಟ ಸ್ವಲ್ಪ ತಡವಾದರೂ ಮೈ ಬೆವರುತ್ತದೆ, ಕೈ ನಡುಗುತ್ತದೆ, ಕಣ್ಣಿಗೆ ಕತ್ತಲೆ ಕವಿಯುತ್ತದೆ ಎಂದರು. ಮಧುಮೇಹಕ್ಕೆ ಅವರು ಬಹುಕಾಲದಿಂದ ಮಾತ್ರೆ ಸೇವಿಸುತ್ತಿದ್ದವರು. ಹೊಸದಾಗಿ ಏನನ್ನಾದರೂ ಆರಂಭಿಸಿದ್ದೀರಾ ಎಂದು ಕೇಳಿದಾಗ ಚೀಲದಿಂದ ಒಂದು ಡಬ್ಬಿ ಹೊರಬಂತು. ಅದರಲ್ಲಿದ್ದುದು ಬರ್ಬೆರಿನ್ ಎಂಬ ಕ್ಯಾಪ್ಸೂಲ್. ಅಳಿಯ ತರಿಸಿಕೊಟ್ಟದ್ದಂತೆ. "ಡಾಕ್ಟರೇ, ಇದು ನಿಮ್ಮ ಆಯುರ್ವೇದದ್ದೇ ಗಿಡಮೂಲಿಕೆ, ಇದರಿಂದ ಏನು ತೊಂದರೆ?" ಎಂದು ಅವರು ಮುಗ್ಧವಾಗಿ ಕೇಳಿದರು. ಕ್ಯಾಪ್ಸೂಲ್ ನಿಲ್ಲಿಸಿದ ಕೆಲವು ದಿನಗಳಲ್ಲಿ ಅವರು ಚೇತರಿಸಿಕೊಂಡರು. ಆದರೆ ಅವರ ಪ್ರಶ್ನೆ ನನ್ನಲ್ಲಿ ಉಳಿದುಕೊಂಡಿತು. ಅದಕ್ಕೆ ಉತ್ತರಿಸಬೇಕಾದರೆ ಆ ಡಬ್ಬಿಯ ಹಿಂದಿರುವ ಗಿಡವನ್ನು ಮೊದಲು ಪರಿಚಯಿಸಿಕೊಳ್ಳಬೇಕು.

ಆ ಗಿಡವೇ ದಾರುಹರಿದ್ರಾ, ನಮ್ಮ ಭಾಷೆಯಲ್ಲಿ ಮರದರಿಶಿನ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಬರ್ಬೆರಿಸ್ ಅರಿಸ್ಟಾಟಾ. ಹಿಮಾಲಯದ ತಂಪು ಇಳಿಜಾರುಗಳಲ್ಲಿ ಎರಡು ಮೂರು ಮೀಟರ್ ಎತ್ತರಕ್ಕೆ ಬೆಳೆಯುವ ಮುಳ್ಳಿನ ಪೊದೆಯಿದು. ತೊಗಟೆಯನ್ನು ಕೆರೆದರೆ ಒಳಗೆ ಅಚ್ಚ ಅರಿಶಿನದ ಬಣ್ಣ. ವಸಂತದಲ್ಲಿ ಹಳದಿ ಹೂಗೊಂಚಲು ಬಿಡುತ್ತದೆ. ಬೇಸಿಗೆಯಲ್ಲಿ ಬೂದಿ ಬಳಿದಂತೆ ತೋರುವ ನೀಲಿಗಪ್ಪು ಹಣ್ಣುಗಳು ಮಾಗುತ್ತವೆ. ಇದನ್ನೂ ಇದರ ಹತ್ತಿರದ ಜಾತಿಗಳನ್ನೂ ಗಢವಾಲದವರು ಕಿಂಗೋಡ್, ಕುಮಾವೂನಿನವರು ಕಿಲ್ಮೋಡಾ, ಹಿಮಾಚಲದವರು ಕಶ್ಮಲ್ ಎನ್ನುತ್ತಾರೆ. ಅಲ್ಲಿನ ದನಗಾಹಿ ಮಕ್ಕಳಿಗೆ ಇದು ದಾರಿಬದಿಯ ತಿಂಡಿ. ಮೇ, ಜೂನ್ ತಿಂಗಳಲ್ಲಿ ಕೇದಾರಯಾತ್ರೆ ಕೈಗೊಳ್ಳುವ ನಮ್ಮ ಭಕ್ತರು ಗುಪ್ತಕಾಶಿ, ಊಖೀಮಠದ ಸುತ್ತಲಿನ ಬೆಟ್ಟಗಳಲ್ಲಿ ಇಂಥ ಪೊದೆಗಳ ಪಕ್ಕದಲ್ಲಿಯೇ ನಡೆದುಹೋಗಿರುತ್ತಾರೆ. ಹಲವು ವರ್ಷಗಳ ಹಿಂದೆ ಆ ದಾರಿಯಲ್ಲಿ ಒಬ್ಬ ಹುಡುಗಿ ನನ್ನ ಅಂಗೈಗೆ ಒಂದು ಹಿಡಿ ಹಣ್ಣು ಸುರಿದಿದ್ದಳು. ಅದರ ಹುಳಿಸಿಹಿ ರುಚಿಯನ್ನು ನಾನಿನ್ನೂ ಮರೆತಿಲ್ಲ.

ಮೂವತ್ತಕ್ಕೂ ಹೆಚ್ಚು ವರ್ಷ ದಾರುಹರಿದ್ರೆಯನ್ನು ಕಷಾಯದಲ್ಲಿ, ಲೇಪದಲ್ಲಿ ಬಳಸಿದ ನನಗೆ ಅದರ ಹಣ್ಣು ತಿನ್ನುವಂಥದ್ದೆಂದು ತಿಳಿದದ್ದು ಆ ದಿನ. ಇರಾನಿನ ಜನ ಇದೇ ಕುಲದ ಇನ್ನೊಂದು ಗಿಡವನ್ನು ತೋಟದ ಬೆಳೆಯಾಗಿಯೇ ಬೆಳೆಸುತ್ತಾರೆ. ಅಲ್ಲಿನ ದಕ್ಷಿಣ ಖೊರಾಸಾನ್ ಪ್ರಾಂತ್ಯ ಇದಕ್ಕೆ ಪ್ರಸಿದ್ಧ. ಒಣಗಿಸಿದ ಕೆಂಪು ಹಣ್ಣಿಗೆ ಜೆರೆಶ್ಕ್ ಎಂದು ಹೆಸರು. ಅದನ್ನು ಬೆಣ್ಣೆಯಲ್ಲಿ ಬಾಡಿಸಿ ಕೇಸರಿ ಅನ್ನದ ಮೇಲೆ ಹರಡಿ ಉಣ್ಣುತ್ತಾರೆ.

ಹಣ್ಣಿಗೂ ಬೇರಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಮಾಗಿದ ಹಣ್ಣಿನ ತಿರುಳಿನಲ್ಲಿ ಬರ್ಬೆರಿನ್ ಬಹಳ ಕಡಿಮೆ, ಅದು ಆಹಾರ. ಬೇರು, ತೊಗಟೆ ಮತ್ತು ಕಾಂಡದಲ್ಲಿ ಈ ಕಹಿ ಕ್ಷಾರತತ್ತ್ವ ತುಂಬಿಕೊಂಡಿದೆ, ಅದು ಔಷಧ. ಚರಕಸಂಹಿತೆ ದಾರುಹರಿದ್ರೆಯನ್ನು ಲೇಖನೀಯ, ಅರ್ಶೋಘ್ನ ಹಾಗೂ ಕಂಡೂಘ್ನ ಗಣಗಳಲ್ಲಿ ಸೇರಿಸಿದೆ. ಅಂದರೆ ಮೇದಸ್ಸನ್ನು ಕರಗಿಸಲು, ಮೂಲವ್ಯಾಧಿಗೆ, ತುರಿಕೆಗೆ ಇದು ಉಪಯುಕ್ತ. ಇದರ ಕಷಾಯವನ್ನು ಹಾಲಿನೊಂದಿಗೆ ಕುದಿಸಿ ಗಟ್ಟಿಮಾಡಿದ ರಸಾಂಜನವೂ ನಮ್ಮಲ್ಲಿ ಪ್ರಸಿದ್ಧವಾಗಿದೆ. ಆದರೆ ಶಾಸ್ತ್ರವು ಇದನ್ನು ಪ್ರಮಾಣ, ಕಾಲ, ರೋಗಿಯ ಬಲ ನೋಡಿ ಕೊಡು ಎನ್ನುತ್ತದೆ. ಗಿಡದಿಂದ ಒಂದೇ ಅಂಶವನ್ನು ಹಿಂಡಿ ತೆಗೆದು, ದಿನಕ್ಕೆ ಇಷ್ಟು ಎಂದು ಎಲ್ಲರಿಗೂ ಹಂಚುವುದು ಆಯುರ್ವೇದವಲ್ಲ.

2023ರಲ್ಲಿ ಸಾಮಾಜಿಕ ಜಾಲತಾಣಗಳು ಬರ್ಬೆರಿನ್ ಅನ್ನು ತೂಕ ಇಳಿಸುವ ಪ್ರಸಿದ್ಧ ಚುಚ್ಚುಮದ್ದಿಗೆ ಹೋಲಿಸಿ ಹೊಗಳಿದ ಮೇಲೆ ಇದರ ಬೇಡಿಕೆ ಏರಿತು. ಇದು ರಕ್ತದ ಸಕ್ಕರೆಯನ್ನು ಇಳಿಸುವುದು ನಿಜ. ಆ ಕಾರಣಕ್ಕಾಗಿಯೇ ಮಧುಮೇಹದ ಮಾತ್ರೆಯ ಜೊತೆ ಸೇರಿದಾಗ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಯಕೃತ್ತಿನಲ್ಲಿ ಇತರ ಔಷಧಗಳು ಕರಗುವ ವೇಗವನ್ನೂ ಇದು ಬದಲಿಸುತ್ತದೆ. ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ಇದನ್ನು ತಾವಾಗಿಯೇ ಸೇವಿಸಲೇಬಾರದು. ಗರ್ಭಿಣಿಯರು, ಬಾಣಂತಿಯರು ಇದರಿಂದ ದೂರವಿರಬೇಕು; ನವಜಾತ ಶಿಶುವಿಗೆ ಕೊಡಲೇಕೂಡದು. ಶಿಶುವಿನ ಕಾಮಾಲೆಯು ಉಲ್ಬಣಿಸಿ ಮೆದುಳಿಗೆ ಹಾನಿಯಾಗುವ ಸಂಭವವಿದೆ.

ದೇಹದ ಮಾತು ಇಷ್ಟಾಯಿತು. ಇನ್ನು ಗಿಡದ ಮಾತು. ಬೇರನ್ನು ಅಗೆದರೆ ಪೊದೆಯೇ ಹೋಗುತ್ತದೆ. ಭಾರತದ ಆಯುರ್ವೇದ ಔಷಧಕೋಶ ದಾರುಹರಿದ್ರೆಗೆ ಈ ಗಿಡದ ಒಣಗಿದ ಕಾಂಡವನ್ನು ಅಂಗೀಕರಿಸಿದೆ. ಕಾಂಡವನ್ನು ಹದವಾಗಿ ಕತ್ತರಿಸಿದರೆ ಪೊದೆ ಮತ್ತೆ ಚಿಗುರುತ್ತದೆ. ಆದರೂ ಬರ್ಬೆರಿನ್ ಹೆಚ್ಚು ಸಿಗುತ್ತದೆಂದು ಬೇರಿಗೇ ಗುದ್ದಲಿ ಹಾಕುತ್ತಾರೆ. ದಕ್ಷಿಣದಲ್ಲಿ ಮರದರಿಶಿನವೆಂದು ಮಾರಾಟವಾಗುವುದು ಬಹುತೇಕ ಬೇರೆಯೇ ಒಂದು ಬಳ್ಳಿ, ಕಾಸ್ಸಿನಿಯಮ್ ಫೆನೆಸ್ಟ್ರಾಟಮ್. ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲಿ ನಿಧಾನವಾಗಿ ಬೆಳೆಯುವ ಈ ಬಳ್ಳಿ ನಮ್ಮಲ್ಲಿ ಅಳಿವಿನ ಅಂಚಿಗೆ ಬಂದಿದೆ. ವೈದ್ಯರಾದ ನಾವೂ ಅಂಗಡಿಯವರು ಕೊಟ್ಟದ್ದನ್ನು ವಿಚಾರಿಸದೆ ಬರೆದುಕೊಟ್ಟಿದ್ದೇವೆ. ಈ ತಪ್ಪಿನಲ್ಲಿ ನನ್ನ ಪಾಲೂ ಇದೆ.

ನನ್ನ ಅಭಿಪ್ರಾಯ ಹೀಗಿದೆ. ಹಿಮಾಲಯದ ರೈತರು ಹೊಲದ ಬೇಲಿಯಾಗಿ ಈ ಪೊದೆಯನ್ನು ಬೆಳೆಸಿ, ಹಣ್ಣು ಮಾರಿ, ಸವರಿದ ಕಾಂಡವನ್ನು ಔಷಧಾಲಯಗಳಿಗೆ ಕೊಡುವ ವ್ಯವಸ್ಥೆ ಬಂದರೆ ಗಿಡವೂ ಉಳಿಯುತ್ತದೆ, ರೈತನೂ ಬದುಕುತ್ತಾನೆ. ಚಳಿನಾಡುಗಳಲ್ಲಿ ನೆಲೆಸಿದ ನಮ್ಮವರ ಮಕ್ಕಳು ಕೈತೋಟದಲ್ಲಿ ಇದನ್ನು ನೆಡಲು ಬಯಸಿದರೆ ಸ್ಥಳೀಯ ನಿಯಮವನ್ನು ಮೊದಲು ವಿಚಾರಿಸಲಿ. ಬರ್ಬೆರಿಸ್‌ನ ಕೆಲವು ಜಾತಿಗಳು ಗೋಧಿಯ ಕಪ್ಪು ತುಕ್ಕು ರೋಗಕ್ಕೆ ಆಶ್ರಯ ಕೊಡುತ್ತವೆ. ಆ ಕಾರಣದಿಂದ ಅಮೆರಿಕದಲ್ಲಿ 1918ರಿಂದ ದಶಕಗಳ ಕಾಲ ಈ ಪೊದೆಗಳನ್ನು ಹುಡುಕಿ ಕಿತ್ತುಹಾಕಲಾಯಿತು. ನಮ್ಮ ಬಯಲುಸೀಮೆಯ ಬಿಸಿಲಿಗೆ ಇದು ಹೊಂದುವುದಿಲ್ಲ. ಇಲ್ಲಿ ಬೇಲಿಗೂ ಉಪ್ಪಿನಕಾಯಿಗೂ ಕವಳಿಯೇ ಸಾಕು.

ಮನೆಯಲ್ಲಿ ಬರ್ಬೆರಿನ್ ಡಬ್ಬಿ ಇಟ್ಟುಕೊಂಡಿರುವ ಸದ್ಭಕ್ತರು ಅದನ್ನು ತಮ್ಮ ವೈದ್ಯರಿಗೆ ಒಮ್ಮೆ ತೋರಿಸಬೇಕು. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದು ಜೊತೆಗೆ ಒಯ್ಯಬೇಕು. ಆ ಶಿಕ್ಷಕರು ಮೊದಲೇ ಅಷ್ಟು ಮಾಡಿದ್ದರೆ ಹದಿನೈದು ದಿನಗಳ ನಡುಕ ತಪ್ಪುತ್ತಿತ್ತು.